ಕುತ್ತಿಗೆ, ಹೆಗಲ ನೋವಿಗೆ ಡ್ರೈ ನೀಡ್ಲಿಂಗ್: ಮಲೆನಾಡ ಕಡೆಯವರು ಅನುಭವ ಹೇಳಿ

ತೀರ್ಥಹಳ್ಳಿ ತೋಟ:
ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಮರ ಹತ್ತಿ ಅಡಿಕೆ ಗೊನೆ (ನಮ್ಮ ಕಡೆ ಕೊನೆ ಅಂತೀವಿ) ಇಳಿಸೋ ಕೊನೆಗಾರರು ಸಿಗೋದೇ ಕಷ್ಟ ಆದ ಮೇಲೆ, ನೆಲದಲ್ಲೇ ನಿಂತು ಕೊಯ್ಯೋ ಉದ್ದ ಕೋಲು, ಕಾರ್ಬನ್ ಫೈಬರ್ ದೋಟಿ ತಗೊಂಡೆ. ಈಗ ಕೊಳೆ ರೋಗಕ್ಕೆ ಔಷಧಿ ಹೊಡೆಯೋದೂ ನಾನೇ, ಕೊನೆ ತೆಗೆಯೋದೂ ನಾನೇ. ಮರ ಹತ್ತಿ ಬೀಳೋ ಭಯ ಇಲ್ಲ ನಿಜ, ಆದ್ರೆ ಬೆಳಗಿಂದ ಸಂಜೆವರೆಗೆ ಕತ್ತು ಎತ್ತಿ ಮೇಲೇ ನೋಡ್ತಾ ನಿಂತು ಕುತ್ತಿಗೆ ಬುಡದಿಂದ ಬಲ ಹೆಗಲಿನವರೆಗೆ ಹಗ್ಗದ ಹಾಗೆ ಬಿಗಿದುಬಿಟ್ಟಿದೆ. ಬೈಕ್ ರಿವರ್ಸ್ ತಗೊಳ್ಳುವಾಗ ಹಿಂದೆ ತಿರುಗಿ ನೋಡೋಕೂ ಆಗಲ್ಲ.

ಎಕ್ಸ್‌ರೇ ಆಯ್ತು. ವಯಸ್ಸಿಗೆ ತಕ್ಕ ಸವೆತ ಇದೆ, ಹೆದರೋ ಅಂಥದ್ದು ಏನಿಲ್ಲ ಅಂದ್ರು. ನೋವಿನ ಮಾತ್ರೆ ತಗೊಂಡ್ರೆ ಹೊಟ್ಟೆ ಉರಿ. ಎಣ್ಣೆ ನೀವಿಸಿದ್ರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬರ್ತದೆ, ಮರುದಿನ ಮತ್ತೆ ಅದೇ ಕಥೆ. ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋ (ಫಿಸಿಯೋಥೆರಪಿಸ್ಟ್) ನೋಡಿ ಡ್ರೈ ನೀಡ್ಲಿಂಗ್, ಅಂದ್ರೆ ಬಿಗಿದ ಸ್ನಾಯುವಿಗೆ ಔಷಧಿ ಇಲ್ಲದ ಸಪೂರ ಸೂಜಿ ಚುಚ್ಚೋದು, ಮಾಡಬಹುದು ಅಂದಿದ್ದಾರೆ. ಮನೆಯವಳು ಬ್ಯಾಡವೇ ಬ್ಯಾಡ ಅಂತಾಳೆ, ಸೂಜಿ ನರಕ್ಕೆ ತಾಗಿದ್ರೆ ಕೈ ಬಿದ್ದೋಗ್ತದೆ ಅಂತ ಅವಳ ಭಯ. ಕೊಯ್ಲು ಹತ್ರ ಬಂತು. ಮಾಡಿಸಿಕೊಂಡವರು ಯಾರಾದ್ರೂ ಇದ್ರೆ ಎಂತ ಆಯ್ತು ಅಂತ ಬಿಡಿಸಿ ಹೇಳಿ ಮಾರಾಯ್ರೆ.

ಸಾಗರದ ಸೊಸೆ:
ಅಣ್ಣಾ, ನಾನು ಮಾಡಿಸಿಕೊಂಡಿದೀನಿ. ನಮ್ಮನೇಲಿ ಅಡಿಕೆ ಸುಲಿಯೋ ಕಾಲಕ್ಕೆ ಮೆಟ್ಟುಗತ್ತಿ ಮುಂದೆ ಕೂತ್ರೆ ಏಳೋದು ರಾತ್ರಿಗೇ. ಬಲ ರೆಕ್ಕೆಮೂಳೆ ಪಕ್ಕ ಒಂದು ಕಡೆ ಸದಾ ಉರೀತಿತ್ತು. ಅಲ್ಲಿಂದ ತೋಳಿನ ಹೊರಗಡೆ ಹಿಡಿದು ಮೊಣಕೈವರೆಗೆ ಇಳೀತಿತ್ತು. ಹೆಗಲಿನ ಕೀಲೇ ಹಾಳಾಗಿದೆ ಅಂದ್ಕೊಂಡಿದ್ದೆ.

ಅವರು ಹೆಂಗಸು ಫಿಸಿಯೋ. ಬೋರಲು ಮಲಗಿಸಿ ರೆಕ್ಕೆಮೂಳೆ ಮೇಲೆ ಬೆರಳಿಟ್ಟು ನಿಧಾನಕ್ಕೆ ಹುಡುಕ್ತಾ ಹೋದ್ರು. ಒಂದು ಜಾಗ ಒತ್ತಿದಾಗ ನಾನು ಅಯ್ಯೋ ಅಂದೆ, ಅದೇ ಮೊಣಕೈ ನೋವು ಅಲ್ಲಿಂದ ಇಳಿದು ಬಂತು. "ಇದೇನಾ ನಿಮ್ಮ ನೋವು?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು. ಆಮೇಲೆ ಸ್ಪಿರಿಟಲ್ಲಿ ಒರೆಸಿ, ಸಣ್ಣ ಪ್ಲಾಸ್ಟಿಕ್ ಕೊಳವೆ ಇಟ್ಟು ಅದರ ತುದಿಗೆ ಬೆರಳಿಂದ ಟಕ್ ಅಂತ ತಟ್ಟಿದ್ರು. ಚುಚ್ಚಿದ್ದು ಗೊತ್ತೇ ಆಗ್ಲಿಲ್ಲ ಅಂದ್ರೂ ನಡೀತದೆ. ಆದ್ರೆ ಕೊಳವೆ ತೆಗೆದು ಸೂಜಿ ಸ್ವಲ್ಪ ಒಳಗೆ ಹಾಕಿ ಮೇಲೆ ಕೆಳಗೆ ಮಾಡಿದಾಗ ಸ್ನಾಯು ತನ್ನಷ್ಟಕ್ಕೆ ಪಟಕ್ಕಂತ ಎಗರಿತು, ಗಾಳಕ್ಕೆ ಬಿದ್ದ ಮೀನು ಮಿಡುಕಿದ ಹಾಗೆ. ಆ ಕ್ಷಣ ಜೀವ ಹೋದಂಗಾಯ್ತು, ಸುಳ್ಳು ಹೇಳಲ್ಲ. ಕ್ಷಣ ಅಷ್ಟೇ.

ಅವತ್ತು ರಾತ್ರಿ ಮತ್ತು ಮರುದಿನ ಮೈಮೇಲೆ ಯಾರೋ ಗುದ್ದಿದ ಹಾಗೆ ನೋವಿತ್ತು, ಬಾವಿಯಿಂದ ನೀರು ಸೇದೋಕೆ ಆಗ್ಲಿಲ್ಲ. ಅದಾದ ಮೇಲೆ ಕೈ ಹಗುರ ಆಯ್ತು. ಆದ್ರೆ ಒಂದು ಮಾತು. ಅವರು ಸೂಜಿ ಹಾಕಿ ಕಳಿಸ್ಲಿಲ್ಲ. ಮನೇಲಿ ನಾನು ಕೂರೋ ಮಣೆ ಎಷ್ಟು ಎತ್ತರ, ಕತ್ತಿ ಎಷ್ಟು ದೂರ, ಅಡಿಕೆ ರಾಶಿ ಯಾವ ಕಡೆ ಅಂತೆಲ್ಲ ಕೇಳಿ, ಮಣೆ ಎತ್ತರ ಮಾಡಿಸಿ, ರಬ್ಬರ್ ಬ್ಯಾಂಡ್ ಎಳೆಯೋ ವ್ಯಾಯಾಮ ಕೊಟ್ರು. ವ್ಯಾಯಾಮ ಬಿಟ್ಟಾಗೆಲ್ಲ ನೋವು ತಲೆ ಎತ್ತಿದೆ, ಹಿಡಿದಾಗ ತಗ್ಗಿದೆ.

ಹಳೇ ಮೇಷ್ಟ್ರು:
ಇದು ಚೀನಾದವರ ಅಕ್ಯುಪಂಕ್ಚರ್ ತಾನೆ? ಹೆಸರು ಬದಲಾಯಿಸಿ ತಂದಿದ್ದಾರೆ ಅಂತ ಕಾಣ್ತದೆ. ನಮ್ಮ ಕಡೆ ಉಳುಕು ತೆಗೆಯೋರು, ಎಣ್ಣೆ ಹಾಕಿ ನೀವೋರು ಇದ್ದೇ ಇದ್ದಾರಲ್ಲ. ಸೂಜಿಯಿಂದ ಗುಣ ಆಗ್ತದೆ ಅನ್ನೋದಕ್ಕೆ ಯಾರಾದ್ರೂ ಪರೀಕ್ಷೆ ಮಾಡಿ ನೋಡಿದ್ದಾರಾ? ತಿಳಿದವರು ದಯವಿಟ್ಟು ಹೇಳಿ, ನಿಜವಾಗಿಯೂ ತಿಳ್ಕೊಳ್ಳೋ ಆಸೆ.

ಫಿಸಿಯೋ ಶಿವಮೊಗ್ಗ:
ಮೇಷ್ಟ್ರೇ, ಒಳ್ಳೆ ಪ್ರಶ್ನೆ. ಇದೇ ಕೆಲಸ ಮಾಡೋದ್ರಿಂದ ಸ್ವಲ್ಪ ಉದ್ದ ಬರೀತೀನಿ.

ಸೂಜಿ ಎರಡಕ್ಕೂ ಒಂದೇ ತರದ್ದು: ಸಪೂರ, ಗಟ್ಟಿ, ಒಳಗೆ ತೂತಿಲ್ಲ, ಔಷಧಿ ಹೋಗಲ್ಲ. ಸಾಮಾನ್ಯವಾಗಿ 0.25ರಿಂದ 0.30 ಮಿಲಿಮೀಟರ್ ದಪ್ಪ. ಆದ್ರೆ ಎಲ್ಲಿ ಹಾಕಬೇಕು, ಯಾಕೆ ಹಾಕಬೇಕು ಅನ್ನೋ ಲೆಕ್ಕ ಬೇರೆ. ಅಕ್ಯುಪಂಕ್ಚರ್‌ನಲ್ಲಿ ಚೀನಾದ ಸಾಂಪ್ರದಾಯಿಕ ವೈದ್ಯ ಹೇಳುವ ಶಕ್ತಿನಾಳಗಳ ಮೇಲಿನ ಬಿಂದುಗಳಿಗೆ ಹಾಕ್ತಾರೆ. ನಾವು ಸ್ನಾಯುವಿನಲ್ಲಿ ಬಿಗಿದ ಎಳೆ, ಅದರೊಳಗೆ ಒತ್ತಿದ್ರೆ ನೋಯುವ ಗಂಟು ಹುಡುಕ್ತೀವಿ. ಅದಕ್ಕೆ ಟ್ರಿಗರ್ ಪಾಯಿಂಟ್ ಅಂತಾರೆ. ಸಾಗರದ ಅಕ್ಕ ಹೇಳಿದ ಜಾಗ ರೆಕ್ಕೆಮೂಳೆಯ ಬೆನ್ನಿಗೆ ಅಂಟಿಕೊಂಡಿರೋ ಸ್ನಾಯು. ಅದರ ಗಂಟಿನ ನೋವು ಹೆಗಲ ಮುಂಭಾಗಕ್ಕೆ, ತೋಳಿಗೆ ಇಳಿಯೋದು ತೀರಾ ಸಾಮಾನ್ಯ. ಎಷ್ಟೋ ಜನ ಕೀಲಿನ ತೊಂದರೆ ಅಂತಲೇ ಬರ್ತಾರೆ.

ಈ ಗಂಟುಗಳ ನಕ್ಷೆಯನ್ನ ವಿವರವಾಗಿ ಬರೆದಿಟ್ಟವರು ಅಮೆರಿಕದ ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್. ಟ್ರಾವೆಲ್ ಅವರು ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟು, 1961ರಲ್ಲಿ ಶ್ವೇತಭವನದ ವೈದ್ಯೆ ಆದವರು. ಅವರು ಗಂಟಿಗೆ ಮರಗಟ್ಟಿಸುವ ಔಷಧಿ ಚುಚ್ಚುತ್ತಿದ್ರು. 1979ರಲ್ಲಿ ಜೆಕ್ ವೈದ್ಯ ಕರೆಲ್ ಲೆವಿಟ್ 241 ರೋಗಿಗಳ ಅನುಭವ ಬರೆದು, ಔಷಧಿ ಇಲ್ಲದೆ ಬರೀ ಸೂಜಿ ಹಾಕಿದ್ರೂ ನೋವು ಇಳಿಯುತ್ತೆ, ಸರಿಯಾದ ಜಾಗಕ್ಕೆ ತಾಗಬೇಕು ಅಷ್ಟೇ ಅಂದ್ರು. ಅಲ್ಲಿಂದ ಇದು ಬೆಳೀತು.

ಗುಣ ಆಗ್ತದಾ ಅನ್ನೋದಕ್ಕೆ ನೇರ ಉತ್ತರ ಕೊಡ್ತೀನಿ. ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದಾಗ ಮೊದಲ 12 ವಾರದೊಳಗೆ, ಸುಮ್ಮನೆ ಬಿಡೋದಕ್ಕಿಂತ ಅಥವಾ ಚುಚ್ಚಿದ ಹಾಗೆ ನಟಿಸೋದಕ್ಕಿಂತ ನೋವು ಹೆಚ್ಚು ಇಳಿಯುತ್ತೆ ಅಂತ ಕಂಡಿದೆ. ಆ ಸಾಕ್ಷ್ಯ ಅಷ್ಟೇನೂ ಗಟ್ಟಿಯದಲ್ಲ. ವ್ಯಾಯಾಮ, ಕೈಚಿಕಿತ್ಸೆ ಇವುಗಳ ಜೊತೆ ಹೋಲಿಸಿದ್ರೆ, ದಿನದ ಕೆಲಸ ಮಾಡೋ ಶಕ್ತಿಯಲ್ಲಿ ಸೂಜಿಯದ್ದು ಮೇಲುಗೈ ಅಂತ ಹೇಳೋಕೆ ಬರಲ್ಲ. ಗಂಟು ಎಕ್ಸ್‌ರೇಯಲ್ಲಿ ಕಾಣಲ್ಲ, ಇಬ್ಬರು ಪರೀಕ್ಷಕರು ಯಾವಾಗಲೂ ಒಂದೇ ಜಾಗ ತೋರಿಸ್ತಾರೆ ಅನ್ನೋ ಗ್ಯಾರಂಟಿಯೂ ಇಲ್ಲ. ಗಂಟಿನ ಸಿದ್ಧಾಂತವನ್ನೇ ಒಪ್ಪದ ತಜ್ಞರೂ ಇದ್ದಾರೆ.

ಹಾಗಾದ್ರೆ ನಾನು ಯಾಕೆ ಬಳಸ್ತೀನಿ? ನೋವು ವಿಪರೀತ ಇರೋವಾಗ ಯಾರೂ ವ್ಯಾಯಾಮ ಮಾಡಲ್ಲ. ಸೂಜಿ ಹಾಕಿದ ಮೇಲೆ ಕೆಲವು ದಿನ ಕುತ್ತಿಗೆ ಸಡಿಲ ಸಿಗ್ತದೆ. ಆ ದಿನಗಳಲ್ಲಿ ಸ್ನಾಯುವನ್ನ ಬಲ ಮಾಡಿ, ಕೆಲಸದ ಭಂಗಿ ತಿದ್ದಿದ್ರೆ ಚಿಕಿತ್ಸೆಯ ಗುಣ ಉಳೀತದೆ. ಸಡಿಲ ಸಿಕ್ಕಿತು ಅಂತ ಮರುದಿನವೇ ಅದೇ ರೀತಿ ದೋಟಿ ಹಿಡಿದ್ರೆ ದುಡ್ಡೂ ದಂಡ, ನೋವೂ ದಂಡ. ಅದಕ್ಕೇ, ವ್ಯಾಯಾಮ ಕಲಿಸದೆ ಬರೀ ಸೂಜಿ ಹಾಕಿ ಕಳಿಸೋದನ್ನ ನಾನು ಚಿಕಿತ್ಸೆ ಅಂತ ಕರೆಯೋದಿಲ್ಲ.

ಎಣ್ಣೆ ನೀವೋದು ಬೇಡ ಅಂತ ನಾನು ಹೇಳಲ್ಲ ಮೇಷ್ಟ್ರೇ. ಹಿತ ಕೊಡ್ತದೆ. ಕುತ್ತಿಗೆಯನ್ನ ಲಟಕ್ ಅನ್ನಿಸಿ ತಿರುಗಿಸೋರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ.

ಕೊಪ್ಪದ ಕಡೆಯವ:
ನನ್ನ ಅನುಭವ ಬೇರೆ. ಹೆಸರು ಹೇಳಲ್ಲ, ಊರೂ ಹೇಳಲ್ಲ. ಸೊಂಟ ನೋವು ಅಂತ ಒಂದು ಕಡೆ ಹೋದೆ. ಕೌಂಟರಲ್ಲೇ ಪ್ಯಾಕೇಜ್ ಬಗ್ಗೆ ಮಾತಾಡಿ ಮುಂಗಡ ಕಟ್ಟಿಸಿಕೊಂಡ್ರು. ಒಳಗೆ ಹೋದವನನ್ನ ಬಗ್ಗಿಸಿ ನೋಡ್ಲಿಲ್ಲ, ಕಾಲು ಎತ್ತಿಸಿ ನೋಡ್ಲಿಲ್ಲ, ಮಾತ್ರೆ ಏನು ತಗೋತೀಯ ಅಂತ ಕೇಳ್ಲಿಲ್ಲ. ಸಾಲಾಗಿ ಸೂಜಿ ಹಾಕಿ ಪರದೆ ಎಳೆದು ಹೋದ್ರು. ಬಸ್ಸಿಗೆ ಹೊತ್ತಾಯ್ತು ಅಂತ ಬೆಳಿಗ್ಗೆ ತಿಂಡಿ ತಿಂದಿರ್ಲಿಲ್ಲ. ಎದ್ದು ನಿಂತವನಿಗೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಕರೆದ್ರೆ ಬರೋಕೆ ಒಬ್ರೂ ಇಲ್ಲ. ಉಳಿದ ದುಡ್ಡು ವಾಪಸ್ ಕೇಳಿದ್ರೆ ಆಗಲ್ಲ ಅಂದ್ರು. ಜನ ನೋವಲ್ಲಿ ಹೋಗಿರ್ತಾರೆ ಸ್ವಾಮಿ, ಹೀಗೆ ಮಾಡಬಾರದು.

ಫಿಸಿಯೋ ಶಿವಮೊಗ್ಗ:
ಓದಿ ಬೇಜಾರಾಯ್ತು. ಸೂಜಿ ಕಂಡು ಅಥವಾ ಚುಚ್ಚಿದಾಗ ತಲೆ ಸುತ್ತೋದು ಆಗುವಂಥದ್ದೇ, ಅದಕ್ಕೇ ಮಲಗಿಸಿ ಹಾಕಬೇಕು, ಪಕ್ಕದಲ್ಲಿ ಇರಬೇಕು, ನಿಧಾನಕ್ಕೆ ಎಬ್ಬಿಸಬೇಕು. ಹಸಿದ ಹೊಟ್ಟೇಲಿ ಮಾಡಲೇಬಾರದು. ನಮ್ಮ ಕಡೆ ಜನ ಮೊದಲ ಬಸ್ಸಿಗೆ ಹೊರಟು ಬರ್ತಾರೆ, ತಿಂಡಿ ಆಯ್ತಾ ಅಂತ ಕೇಳೋದು ಚಿಕಿತ್ಸೆಯ ಭಾಗವೇ.

ಅಪಾಯದ ಬಗ್ಗೆ ತೀರ್ಥಹಳ್ಳಿಯವರ ಮನೆಯವರು ಕೇಳಿದ್ದಕ್ಕೂ ಇಲ್ಲೇ ಹೇಳ್ತೀನಿ. ಐರ್ಲೆಂಡಿನಲ್ಲಿ ಫಿಸಿಯೋಗಳು 7,629 ಚಿಕಿತ್ಸೆಗಳ ಲೆಕ್ಕ ಇಟ್ಟು 2014ರಲ್ಲಿ ಪ್ರಕಟಿಸಿದ್ರು. ಸುಮಾರು ಶೇ. 19ರಲ್ಲಿ ಸಣ್ಣಪುಟ್ಟ ತೊಂದರೆ: ಚರ್ಮ ಕಂದುಗಟ್ಟೋದು, ಒಂದು ಹನಿ ರಕ್ತ, ನೋವು. ದೊಡ್ಡ ಅವಘಡ ಒಂದೂ ಇರಲಿಲ್ಲ. ಅಮೆರಿಕದಲ್ಲಿ 2020ರಲ್ಲಿ ಬಂದ ದೊಡ್ಡ ಲೆಕ್ಕದಲ್ಲಿ 20,494 ಚಿಕಿತ್ಸೆಗೆ 20 ಗಂಭೀರ ತೊಂದರೆ. ಅಂದ್ರೆ ಸುಮಾರು ಸಾವಿರಕ್ಕೆ ಒಂದು. ಕಡಿಮೆ, ಆದ್ರೆ ಸೊನ್ನೆ ಅಲ್ಲ.

ನಾವು ತುಂಬಾ ಹೆದರೋದು ಶ್ವಾಸಕೋಶಕ್ಕೆ. ಹೆಗಲಿನ ಮೇಲ್ಭಾಗದ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ ಇರ್ತದೆ. ಸೂಜಿ ನೇರ ಕೆಳಗೆ ಇಳಿದ್ರೆ ಅದು ತೂತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿಕೊಳ್ಳಬಹುದು. ಅದಕ್ಕೇ ಆ ಸ್ನಾಯುವನ್ನ ಹೆಬ್ಬೆರಳು, ಉಳಿದ ಬೆರಳುಗಳ ನಡುವೆ ಚಿವುಟಿ ಮೇಲೆತ್ತಿ ಹಿಡಿದು, ಎದೆಗೂಡಿನಿಂದ ಆಚೆಗೆ ಸೂಜಿ ಹಾಕ್ತೀವಿ. ನಿಮ್ಮ ಫಿಸಿಯೋ ಹೆಗಲಿಗೆ ಹಾಕುವಾಗ ಹೀಗೆ ಎತ್ತಿ ಹಿಡಿದ್ರಾ ನೋಡಿ. ಚಿಕಿತ್ಸೆ ಆದ ಮೇಲೆ, ಕೆಲವು ಗಂಟೆ ಕಳೆದಾದ್ರೂ ಸರಿ, ಉಸಿರು ಕಟ್ಟಿದ ಹಾಗೆ, ಉಸಿರೆಳೆದ್ರೆ ಎದೆ ಚುಚ್ಚಿದ ಹಾಗೆ, ಒಣ ಕೆಮ್ಮು ಬಂದ್ರೆ ಮನೇಲಿ ಮಲಗಬೇಡಿ. ಸೂಜಿ ಹಾಕಿಸಿಕೊಂಡಿದ್ದು ಹೇಳಿ ಎಮರ್ಜೆನ್ಸಿಗೆ ಹೋಗಿ.

ನರಕ್ಕೆ ತಾಗೋದಿಲ್ಲ ಅಂತ ಆಣೆ ಮಾಡಲ್ಲ. ತಾಗಿದ್ರೆ ಕರೆಂಟ್ ಹೊಡೆದ ಹಾಗೆ ಆಗ್ತದೆ, ತಕ್ಷಣ ಹೇಳಿದ್ರೆ ಸೂಜಿ ಹಿಂದೆ ತಗೋತಾರೆ. ಕೈ ಬಿದ್ದು ಹೋಗೋದು ಅತಿ ಅಪರೂಪ.

ಸೊರಬದ ನಿವೃತ್ತ ನರ್ಸ್:
ಎಲ್ರೂ ಹೆಗಲು, ಸೊಂಟ ಅಂತ ಮಾತಾಡ್ತಿದೀರ, ನಾನು ಒಂದು ಮುಖ್ಯ ವಿಷಯ ಹೇಳಲೇಬೇಕು. ಮೈಕೈ ನೋವು ಅಂದ್ರೆಲ್ಲ ಸ್ನಾಯು ಗಂಟು ಅಲ್ಲ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆ ಆಗಿದ್ದು. ಡಿಸೆಂಬರಿಂದ ಮೇವರೆಗೆ ಅದರ ಕಾಲ. ಅಡಿಕೆ ಕೊಯ್ಲಿನ ಒಂದಷ್ಟು ದಿನ, ಆಮೇಲೆ ದರಗು (ಒಣ ಎಲೆ) ಗುಡಿಸೋಕೆ, ಸೌದೆಗೆ ಅಂತ ಕಾಡಿಗೆ ಹೋಗೋದು, ಎಲ್ಲ ಅದೇ ಹೊತ್ತಿಗೆ. ಉಣುಗು (ಉಣ್ಣೆ ಹುಳ) ಕಚ್ಚಿ ಒಂದು ವಾರದೊಳಗೆ ದಿಢೀರ್ ಜ್ವರ, ತಲೆ ಸಿಡಿತ, ಸೊಂಟ ಕಾಲು ಮುರಿದು ಬಿದ್ದ ಹಾಗೆ ನೋವು. ಜನ ಕೆಲಸದ ಆಯಾಸ ಅಂತ ತಿಳ್ಕೊಂಡು ಮೈ ಒತ್ತಿಸಿಕೊಂಡು ಮಲಗ್ತಾರೆ. ಆ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳೀತದೆ, ರಕ್ತಸ್ರಾವ ಆಗಬಹುದು. ಅಂಥ ಮೈಗೆ ಸೂಜಿ ಹಾಕೋದು ಅಂದ್ರೆ ನನಗೆ ಯೋಚನೆ ಮಾಡೋಕೂ ಆಗಲ್ಲ.

ಮಳೆಗಾಲದಲ್ಲಿ ಇನ್ನೊಂದು: ಇಲಿ ಜ್ವರ. ಬರಿಗಾಲಲ್ಲಿ ಗದ್ದೆ ಕೆಸರಿಗೆ ಇಳಿದವರಿಗೆ ಬರ್ತದೆ. ಮೀನಖಂಡ ಮುಟ್ಟಿದ್ರೆ ಚೀರ್ತಾರೆ, ಕಣ್ಣು ಕೆಂಪಗಿರ್ತದೆ. ಡೆಂಗಿ, ಚಿಕುನ್‌ಗುನ್ಯಾ ಬೇರೆ. ಜ್ವರದ ಜೊತೆ ಮೈನೋವು ಬಂದ್ರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಿ. ಆಶಾ ಕಾರ್ಯಕರ್ತೆಗೆ ಹೇಳಿದ್ರೂ ಸಾಕು, ಅವರೇ ದಾರಿ ತೋರಿಸ್ತಾರೆ. ಫಿಸಿಯೋ ಆಮೇಲೆ.

ಹಾಗೇ, ಎಡ ಹೆಗಲು, ಎಡತೋಳು ನೋವಿನ ಜೊತೆ ಬೆವರು, ಎದೆ ಬಿಗಿತ ಇದ್ರೆ ಅದು ಹೃದಯ ಇರಬಹುದು. ಗಂಟು ಹುಡುಕ್ತಾ ಹೊತ್ತು ಕಳೀಬೇಡಿ.

ಫಿಸಿಯೋ ಶಿವಮೊಗ್ಗ:
ಅಮ್ಮಾ, ಸಾವಿರ ನಮಸ್ಕಾರ. ಜ್ವರ ಇದ್ದವರಿಗೆ ನಾವು ಸೂಜಿ ಮುಟ್ಟೋದೇ ಇಲ್ಲ. ಇದನ್ನ ನಾನೇ ಮೊದಲು ಬರೀಬೇಕಿತ್ತು, ನೀವು ಬರೆದಿದ್ದು ಇನ್ನೂ ಒಳ್ಳೇದಾಯ್ತು.

ತೀರ್ಥಹಳ್ಳಿ ತೋಟ:
ಎಲ್ರಿಗೂ ಧನ್ಯವಾದ. ಮನೆಯವಳಿಗೂ ಓದಿ ಹೇಳಿದೆ. ಸರ್, ಇನ್ನೊಂದು ಪ್ರಶ್ನೆ. ರಾತ್ರಿ ಹೊತ್ತು ಬಲಗೈಯ ಹೆಬ್ಬೆರಳು, ತೋರು ಬೆರಳು ಜೋಮು ಹಿಡೀತವೆ. ಕೆಲವು ಸಲ ಲೋಟ ಕೈಯಿಂದ ಜಾರಿದೆ. ಅದೂ ಗಂಟಿಂದಲೇ ಆಗೋದಾ? ಸೂಜಿ ಹಾಕಿಸಿದ ಮರುದಿನ ದೋಟಿ ಹಿಡೀಬಹುದಾ?

ಫಿಸಿಯೋ ಶಿವಮೊಗ್ಗ:
ಇದನ್ನ ನಿಮ್ಮ ಫಿಸಿಯೋಗೆ ಹೇಳಿದೀರಾ? ಹೇಳದೆ ಇದ್ರೆ ಸೂಜಿಗಿಂತ ಮುಂಚೆ ಹೇಳಿ. ಗಂಟಿನ ನೋವು ಕೈಗೆ ಇಳಿಯಬಹುದು, ಆದ್ರೆ ಆ ಎರಡು ಬೆರಳಿನ ಜೋಮು, ಹಿಡಿತ ಸಡಿಲ ಆಗೋದು ಕುತ್ತಿಗೆಯಲ್ಲಿ ನರದ ಬೇರು ಒತ್ತಿದಾಗಲೂ ಬರ್ತದೆ, ಮಣಿಕಟ್ಟಿನಲ್ಲಿ ನರ ಒತ್ತಿದಾಗಲೂ ಬರ್ತದೆ. ಎಕ್ಸ್‌ರೇಯಲ್ಲಿ ನರ ಕಾಣಲ್ಲ. ಸುತ್ತಿಗೆಯಿಂದ ತಟ್ಟಿ ನೋಡೋದು, ಕೈ ಬಲ ಅಳೆಯೋದು, ಸ್ಪರ್ಶ ನೋಡೋದು ಇವೆಲ್ಲ ಆಗಬೇಕು. ಬಲ ನಿಜಕ್ಕೂ ಕಡಿಮೆ ಆಗಿದ್ರೆ ಮೂಳೆ ಅಥವಾ ನರದ ಡಾಕ್ಟರ್ ನೋಡಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ ತೋರಿಸಬಹುದು. ನಡಿಗೆ ತೂರಾಡೋದು, ಮೂತ್ರ ಹಿಡಿತ ತಪ್ಪೋದು ಇದ್ರೆ ಅವತ್ತೇ ಹೋಗಬೇಕು.

ಮರುದಿನ ದೋಟಿ ಬೇಡ. ನೋವು ಒಂದೆರಡು ದಿನ ಇದ್ದೇ ಇರ್ತದೆ, ಬಿಸಿನೀರಿನ ಶಾಖ ಕೊಟ್ಟು ಕೈ, ಕುತ್ತಿಗೆ ಮೆಲ್ಲಗೆ ಆಡಿಸ್ತಿರಿ. ಸುಮ್ಮನೆ ಮಲಗೋದೂ ಬೇಡ.

ದೋಟಿ ಹಿಡಿಯೋ ಹುಡುಗ:
ನಾನು ನಾಲ್ಕೈದು ತೋಟಕ್ಕೆ ದೋಟಿ ಕೆಲಸಕ್ಕೆ ಹೋಗ್ತೀನಿ ಅಣ್ಣ. ಮರದ ಬುಡಕ್ಕೆ ತೀರಾ ಹತ್ರ ನಿಂತ್ರೆ ಕತ್ತು ಪೂರ್ತಿ ಹಿಂದಕ್ಕೆ ಬಾಗ್ತದೆ. ಸ್ವಲ್ಪ ದೂರ ನಿಂತು ಓರೆ ಹಿಡಿದ್ರೆ ಕತ್ತಿಗೆ ಆರಾಮ, ಇಳಿಜಾರಲ್ಲಿ ಮೇಲಿನ ಕಡೆ ನಿಲ್ಲಿ. ತೂಕ ಹೆಗಲ ಮೇಲೆ ಹಾಕ್ಕೋಬೇಡಿ, ಸೊಂಟದ ಬೆಲ್ಟಿಗೆ ಬುಡ ಸಿಗಿಸಿ. ಒಂದು ಸಾಲು ಆದ ಮೇಲೆ ದೋಟಿ ಇನ್ನೊಬ್ರ ಕೈಗೆ ಕೊಟ್ಟು, ಬಿದ್ದ ಕೊನೆ ಆಯೋ ಕೆಲಸ ಮಾಡಿ. ಕತ್ತು ಬಗ್ಗಿಸೋಕೂ ಅವಕಾಶ ಸಿಗ್ತದೆ. ದೋಟಿ ಮೇಲೆತ್ತೋ ಮೊದಲು ಕರೆಂಟ್ ತಂತಿ ನೋಡ್ಕೊಳ್ಳಿ, ಕಾರ್ಬನ್ ಫೈಬರಲ್ಲಿ ಕರೆಂಟ್ ಹರೀತದೆ.

ಸಾಗರದ ಸೊಸೆ:
ತಮ್ಮಾ, ಈ ಮಾತನ್ನ ನಮ್ಮನೆಯವರಿಗೂ ಹೇಳ್ತೀನಿ. ಒಂದು ಸೇರಿಸ್ತೀನಿ: ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೀಲಿ. ನಮ್ಮ ಫಿಸಿಯೋ ಒಡೆದು ತೋರಿಸಿ, ಕೆಲಸ ಆದ ಮೇಲೆ ಬಿಳಿ ಗಟ್ಟಿ ಡಬ್ಬಿಗೆ ಹಾಕ್ತಿದ್ರು. ಕೇಳೋಕೆ ನಾಚಿಕೆ ಪಡಬೇಡಿ.

ಫಿಸಿಯೋ ಶಿವಮೊಗ್ಗ:
ಸರಿಯಾಗಿ ಹೇಳಿದ್ರಿ ಅಕ್ಕ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಹೋಗಬೇಕಾದ್ದು ಆ ಬಿಳಿ, ತೂತಾಗದ ಡಬ್ಬಿಗೇ. ಒಬ್ಬರಿಗೆ ಬಳಸಿದ ಸೂಜಿ ಅದೇ ಮನುಷ್ಯನಿಗೆ ಮುಂದಿನ ವಾರಕ್ಕೂ ಎತ್ತಿಡೋ ಹಾಗಿಲ್ಲ. ಹೆಪಟೈಟಿಸ್ ಬಿ ತರದ ಸೋಂಕು ಅಷ್ಟು ಸುಲಭಕ್ಕೆ ದಾಟ್ತದೆ. ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದ್ದಾರಾ, ಡ್ರೈ ನೀಡ್ಲಿಂಗ್‌ಗೆ ಬೇರೆ ತರಬೇತಿ ಆಗಿದೆಯಾ ಅಂತಲೂ ಕೇಳಿ. ಒಳ್ಳೆಯವರು ಬೇಜಾರು ಮಾಡ್ಕೊಳ್ಳಲ್ಲ.

ಬೆಂಗಳೂರಲ್ಲಿರೋ ಹೊಸನಗರದವ:
ಸರ್, ಅಮ್ಮ ಊರಲ್ಲೇ ಇದ್ದಾರೆ. ಹೃದಯದ ಕವಾಟ ಬದಲಾಯಿಸಿ ಆಗಿದೆ, ರಕ್ತ ಹೆಪ್ಪುಗಟ್ಟದ ಮಾತ್ರೆ ದಿನಾ ತಗೋತಾರೆ. ಹೆಗಲು ನೋವು ಅಂತ ಅಳ್ತಾರೆ. ಈ ಚರ್ಚೆ ಓದಿ ಅವರಿಗೂ ಮಾಡಿಸೋಣ ಅಂದ್ಕೊಂಡೆ. ಎರಡು ದಿನ ಮಾತ್ರೆ ನಿಲ್ಲಿಸಿ ಮಾಡಿಸಬಹುದಾ?

ಫಿಸಿಯೋ ಶಿವಮೊಗ್ಗ:
ಮಾತ್ರೆ ನಿಲ್ಲಿಸಬೇಡಿ. ಒಂದು ದಿನಕ್ಕೂ ಬೇಡ. ಸೂಜಿಗೋಸ್ಕರ ಆ ಮಾತ್ರೆ ಬಿಟ್ರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಇದೆ. ಮಾತ್ರೆ ತಗೋತಾ ಇರುವಾಗ ಆಳದ ಸ್ನಾಯುವಿಗೆ ಸೂಜಿ ಹಾಕಿದ್ರೆ ಒಳಗೇ ರಕ್ತ ಕಟ್ಟಬಹುದು. ಅದಲ್ಲದೆ ಕವಾಟ ಬದಲಾಯಿಸಿದವರಿಗೆ ಚರ್ಮ ಚುಚ್ಚುವ ಯಾವ ಚಿಕಿತ್ಸೆಯಲ್ಲೂ ಸೋಂಕಿನ ಯೋಚನೆ ಮಾಡಬೇಕು. ಅಮ್ಮನಿಗೆ ನಾನಾಗಿದ್ರೆ ಸೂಜಿ ಹಾಕಲ್ಲ. ಶಾಖ, ಕೈಯಿಂದ ಮೃದುವಾಗಿ ಒತ್ತೋದು, ಮೊದಲು ಇನ್ನೊಂದು ಕೈ ಆಸರೆಯಲ್ಲಿ ಎತ್ತೋ ವ್ಯಾಯಾಮ, ಇಷ್ಟರಲ್ಲೇ ಬಹಳ ಕೆಲಸ ಆಗ್ತದೆ.

ಸಕ್ಕರೆ ಕಾಯಿಲೆ ಇದೆಯಾ ಅವರಿಗೆ? ಕೈಯನ್ನ ಬೇರೆಯವರು ಎತ್ತಿದ್ರೂ ಮೇಲೆ ಬರಲ್ಲ, ಜಡೆ ಹಾಕ್ಕೊಳ್ಳೋಕೆ ಹಿಂದೆ ಹೋಗಲ್ಲ ಅಂತಾದ್ರೆ ಅದು ಹೆಗಲ ಕೀಲು ಬಿಗಿಯೋ ಕಾಯಿಲೆ ಇರಬಹುದು, ಸಕ್ಕರೆ ಇರೋರಿಗೆ ಹೆಚ್ಚು. ಅದರ ಚಿಕಿತ್ಸೆಯ ದಾರಿ ಬೇರೆ.

ಬೆಂಗಳೂರಲ್ಲಿರೋ ಹೊಸನಗರದವ:
ಸಕ್ಕರೆ ಇದೆ ಸರ್. ಜಡೆ ನನ್ನ ತಂಗಿ ಬಂದಾಗ ಹಾಕ್ತಾಳೆ. ಎಡಗೈ, ಬೆವರು ಗಿವರು ಏನಿಲ್ಲ, ನೋವು ಬಲಕ್ಕೇ.

ಫಿಸಿಯೋ ಶಿವಮೊಗ್ಗ:
ಹಾಗಾದ್ರೆ ಈ ವಾರವೇ ತೋರಿಸಿ. ಹೋಗುವಾಗ ಮಾತ್ರೆ ಚೀಟಿ, ಕೊನೆಯ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ವೇಗದ ಪರೀಕ್ಷೆ) ಮತ್ತು ಸಕ್ಕರೆ ರಿಪೋರ್ಟ್ ಮೂರನ್ನೂ ಕೈಚೀಲದಲ್ಲಿ ಇಟ್ಟುಕೊಡೋಕೆ ತಂಗಿಗೆ ಹೇಳಿ. ನೋವಿನ ಮಾತ್ರೆಯನ್ನ ಅಂಗಡಿಯಿಂದ ತಗೊಂಡು ಕೊಡಬೇಡಿ, ಆ ಹೃದಯದ ಮಾತ್ರೆ ಜೊತೆ ಸೇರಿದ್ರೆ ಹೊಟ್ಟೆಯಲ್ಲಿ ರಕ್ತ ಹೋಗಬಹುದು. ಯಾವುದು ಕೊಡಬಹುದು ಅಂತ ಹೃದಯದ ಡಾಕ್ಟರ್‌ಗೇ ಫೋನ್ ಮಾಡಿ ಕೇಳಿ.